ಹಚ್ಚಿದ್ದು ಕಾಣದ ಮೇಕಪ್: ಜಪಾನಿ ಶೈಲಿ, ಕಡಿಮೆ ಖರ್ಚು

ಜಪಾನಿ ಮೇಕಪ್ ಎಂದು ಹೊರಟು ಮುಖಕ್ಕೆ ಬಿಳಿ ಪೌಡರ್ ಬಳಿದುಕೊಂಡು, ಎರಡೂ ಕೆನ್ನೆಗೆ ತೆಳು ಗುಲಾಬಿ ಚಕ್ರ ಇಟ್ಟುಕೊಂಡು, ಕೊನೆಗೆ ಕನ್ನಡಿ ನೋಡಿ ಎಲ್ಲವನ್ನೂ ತೊಳೆದುಬಿಡುವ ಹುಡುಗಿಯರನ್ನು ಬಹಳ ಕಂಡಿದ್ದೇನೆ. ವಿಡಿಯೊದಲ್ಲಿ ತೋರಿಸಿದ್ದನ್ನು ಚಾಚೂ ತಪ್ಪದೆ ಮಾಡಿರುತ್ತಾರೆ. ಆದರೂ ಮುಖ ಬೂದಿ ಬಳಿದಂತೆ ಕಾಣುತ್ತದೆ. ವಿಡಿಯೊದ ಹುಡುಗಿಯ ಚರ್ಮಕ್ಕೆ ಒಪ್ಪುವ ಬಣ್ಣವನ್ನು ಗೋಧಿ ಬಣ್ಣದ, ಎಣ್ಣೆಗೆಂಪಿನ ಚರ್ಮಕ್ಕೆ ಹಚ್ಚಿದರೆ ಹೀಗೇ ಆಗುವುದು. ಈ ಶೈಲಿಯಲ್ಲಿ ಬೆಳ್ಳಗೆ ಕಾಣುವ ಆಸೆಗೆ ಜಾಗವಿಲ್ಲ. ಬಣ್ಣ ನಿಮ್ಮ ಚರ್ಮದೊಳಗಿಂದಲೇ ಮೂಡಿದ ಹಾಗಿರಬೇಕು. ಆದ್ದರಿಂದ ವಿಧಾನವನ್ನು ಜಪಾನಿಯರಿಂದ ಕಲಿಯಿರಿ, ಬಣ್ಣವನ್ನು ನಿಮ್ಮ ಮುಖ ನೋಡಿಯೇ ಆರಿಸಿ.

ನಾನಿಲ್ಲಿ ಹೇಳುತ್ತಿರುವುದು ‘ಮೋರಿ ಗರ್ಲ್’ ಉಡುಪಿನ ಜೊತೆ ಹೋಗುವ ಮೇಕಪ್ಪನ್ನು. ಜಪಾನಿ ಭಾಷೆಯಲ್ಲಿ ಮೋರಿ ಅಂದರೆ ಕಾಡು. 2006ರಲ್ಲಿ ಮಿಕ್ಸಿ ಎಂಬ ಅಲ್ಲಿನ ಜಾಲತಾಣದ ಒಂದು ಗುಂಪಿನಲ್ಲಿ ಈ ಶೈಲಿ ಶುರುವಾಯಿತು. ಕಾಡಿನಲ್ಲೇ ವಾಸವಾಗಿರುವ ಹುಡುಗಿಯ ಹಾಗೆ ಸಡಿಲವಾದ ಹತ್ತಿ, ಲಿನನ್ ಬಟ್ಟೆಗಳನ್ನು ಒಂದರ ಮೇಲೊಂದು ತೊಡುವುದು, ದಂತದ ಬಿಳಿ, ಕಂದು, ಎಲೆಹಸಿರಿನಂಥ ಬಣ್ಣಗಳಲ್ಲಿ ಇರುವುದು ಇದರ ಲಕ್ಷಣ. ಇಂಥ ಬಟ್ಟೆಯ ಮೇಲೆ ಗಾಢವಾದ ಲಿಪ್‌ಸ್ಟಿಕ್, ರೆಕ್ಕೆ ಎಳೆದ ಐಲೈನರ್ ಎರಡೂ ಎದ್ದು ಹೊಡೆಯುತ್ತವೆ. ನಮ್ಮಲ್ಲಿ ಖಾದಿ ಕುರ್ತಾ, ಇಳಕಲ್ ಸೀರೆ ಉಡುವವರಿಗೂ ಇದೇ ತೆಳು ಮೇಕಪ್ ಚೆನ್ನಾಗಿ ಹೊಂದುತ್ತದೆ. ನಾನಂತೂ ಹತ್ತಿ ಸೀರೆಗೆ ಬೇರೆ ಯಾವ ಮೇಕಪ್ಪನ್ನೂ ಹೇಳುವುದಿಲ್ಲ.

ಇದಕ್ಕೆ ದುಬಾರಿ ಸಾಮಾನು ಬೇಕು ಎಂಬ ಭಯವನ್ನು ಮೊದಲು ಬಿಡಿ. ಜಪಾನಿನ ಕಾಲೇಜು ಹುಡುಗಿಯರೇ ಇದಕ್ಕೆ ದೊಡ್ಡ ಮಳಿಗೆಗಳ ಕೌಂಟರ್ ಹುಡುಕುವುದಿಲ್ಲ. ಮಾತ್ಸುಮೊಟೊ ಕಿಯೋಶಿಯಂಥ ಔಷಧಿ ಅಂಗಡಿಗೆ ಹೋಗಿ ಕ್ಯಾನ್‌ಮೇಕ್, ಸೆಜಾನ್‌ನಂಥ ಅಗ್ಗದ ಬ್ರ್ಯಾಂಡ್‌ಗಳನ್ನು ತರುತ್ತಾರೆ. ಸ್ಪಂಜು, ಬ್ರಷ್‌ಗಳಿಗೆ ಡೈಸೊದಂಥ 100 ಯೆನ್ ಅಂಗಡಿಗಳಿವೆ. ನೀವು ಜಪಾನಿನ ಬ್ರ್ಯಾಂಡನ್ನೇ ತರಿಸಬೇಕೆಂದೂ ಇಲ್ಲ. ಆಮದು ಸುಂಕ, ಕೊರಿಯರ್ ಎಲ್ಲ ಸೇರಿದರೆ ಅಲ್ಲಿನ ಅಗ್ಗದ ಡಬ್ಬಿ ಇಲ್ಲಿ ಅಗ್ಗವಾಗಿ ಉಳಿಯುವುದಿಲ್ಲ.

ಬೇಕಾದದ್ದು ಇಷ್ಟು: ಸನ್‌ಸ್ಕ್ರೀನ್, ಕೆನ್ನೆಗೆ ಬಣ್ಣ ಕೊಡುವ ಕ್ರೀಮ್ ಬ್ಲಷ್ ಅಥವಾ ಕೆನೆಯಂತಿರುವ ಒಂದು ಲಿಪ್‌ಸ್ಟಿಕ್, ಹೊಳಪಿಲ್ಲದ ಕಂದು ಐಶ್ಯಾಡೊ, ರೆಪ್ಪೆ ಬಾಗಿಸುವ ಕರ್ಲರ್, ಲಿಪ್ ಬಾಮ್, ಸ್ವಲ್ಪ ಬಣ್ಣವಿಲ್ಲದ ಲೂಸ್ ಪೌಡರ್. ಕಲೆಗಳಿದ್ದರೆ ಒಂದು ಕನ್ಸೀಲರ್. ಇಡೀ ಮುಖಕ್ಕೆ ಬಳಿಯುವ ಫೌಂಡೇಶನ್ ಕೊಳ್ಳಬೇಡಿ. ಕೈಯಲ್ಲಿ ಸಾವಿರ ರೂಪಾಯಿ ಇದ್ದರೆ ಅರ್ಧದಷ್ಟನ್ನು ಸನ್‌ಸ್ಕ್ರೀನಿಗೇ ಎತ್ತಿಡಿ, ಆಮೇಲೆ ಕರ್ಲರ್, ಉಳಿದದ್ದರಲ್ಲಿ ಮಿಕ್ಕ ಸಾಮಾನು. ಹೆಚ್ಚಿನವರು ಇದನ್ನು ತಿರುವುಮುರುವು ಮಾಡಿ, ಹನ್ನೆರಡು ಬಣ್ಣದ ಪ್ಯಾಲೆಟ್ ತಂದು ಅದರಲ್ಲಿ ಒಂದೇ ಬಣ್ಣ ಬಳಸುತ್ತಾರೆ.

ಹಂತ 1: ಮುಖ ತೊಳೆದು ಮಾಯಿಶ್ಚರೈಸರ್ ಹಚ್ಚಿ. ಎಣ್ಣೆ ಚರ್ಮದವರು ಇದನ್ನು ಬಿಟ್ಟರೂ ನಡೆದೀತು.

ಹಂತ 2: ಸನ್‌ಸ್ಕ್ರೀನ್

ಮುಖಕ್ಕೂ ಕತ್ತಿಗೂ ಸೇರಿ ಎರಡು ಬೆರಳುದ್ದದಷ್ಟು ಬೇಕು. ಕಡಲೆಕಾಳಿನಷ್ಟು ತೆಗೆದು ಮುಖವೆಲ್ಲ ಸವರಿದರೆ ಡಬ್ಬಿಯ ಮೇಲೆ ಬರೆದಿರುವ ರಕ್ಷಣೆ ಸಿಗುವುದಿಲ್ಲ. ಬಿಸಿಲು ಚರ್ಮ ಸುಡದಂತೆ ಎಷ್ಟು ತಡೆಯುತ್ತದೆಂದು ಹೇಳುವ ಎಸ್‌ಪಿಎಫ್ ಸಂಖ್ಯೆಗೆ ಮರುಳಾಗಬೇಡಿ: 30 ಇರುವುದು ಸುಡುವ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು ತಡೆದರೆ 50 ಇರುವುದು ಶೇ 98ರಷ್ಟನ್ನು ತಡೆಯುತ್ತದೆ. ಅದಕ್ಕಿಂತ ಪಿಎ ಪಕ್ಕದ ಪ್ಲಸ್ ಗುರುತುಗಳನ್ನು ನೋಡಿ. ಚರ್ಮವನ್ನು ಕಪ್ಪಾಗಿಸಿ ಸುಕ್ಕು ತರುವ ಯುವಿ-ಎ ಕಿರಣಗಳ ವಿರುದ್ಧ ಎಷ್ಟು ರಕ್ಷಣೆ ಇದೆ ಎಂದು ಅದು ತಿಳಿಸುತ್ತದೆ. ಈ ಅಳತೆಯೇ ಜಪಾನಿನದು. ಅಲ್ಲಿನ ಪ್ರಸಾಧನ ಉದ್ಯಮದ ಸಂಘ 1996ರಲ್ಲಿ ಇದನ್ನು ಜಾರಿಗೆ ತಂದಿತು, ನಾಲ್ಕನೆಯ ಪ್ಲಸ್ ಸೇರಿದ್ದು 2013ರಲ್ಲಿ. ಮೂರು ಪ್ಲಸ್‌ಗಿಂತ ಕಡಿಮೆ ಇದ್ದರೆ ನಾನು ಕೊಳ್ಳುವುದಿಲ್ಲ.

ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಹೆಚ್ಚಾಗಿರುವ ಸನ್‌ಸ್ಕ್ರೀನ್ ನಮ್ಮ ಚರ್ಮದ ಮೇಲೆ ಬಿಳಿಚಿಕೊಂಡು ಕೂರುತ್ತದೆ. ಜೆಲ್ ಮಾದರಿಯದನ್ನು ಆರಿಸಿ. ಹಚ್ಚಿದ ಮೇಲೆ ಅಂಟು ಹೋಗುವವರೆಗೆ ಕಾಯಿರಿ. ಅಷ್ಟರಲ್ಲಿ ತಲೆ ಬಾಚಿಕೊಳ್ಳಿ. ಕಾಯದೆ ಮೇಲೆ ಇನ್ನೊಂದನ್ನು ಉಜ್ಜಿದರೆ ಸನ್‌ಸ್ಕ್ರೀನ್ ಸಣ್ಣ ಸಣ್ಣ ಉಂಡೆಯಾಗಿ ಸುರುಳಿ ಬಂದುಬಿಡುತ್ತದೆ. ಆಗ ತೊಳೆದು ಮೊದಲಿನಿಂದ ಶುರು ಮಾಡುವುದೊಂದೇ ದಾರಿ.

ಹಂತ 3: ಮೊಡವೆ ಕಲೆ, ಮೂಗಿನ ಪಕ್ಕದ ಕೆಂಪು, ಇಷ್ಟಕ್ಕೆ ಮಾತ್ರ ಕನ್ಸೀಲರನ್ನು ಚುಕ್ಕೆಯಿಟ್ಟು ಅಂಚನ್ನು ಬೆರಳಿನಿಂದ ತಟ್ಟಿ. ಮಚ್ಚೆಯನ್ನು ಮುಚ್ಚಬೇಡಿ, ಅದು ಈ ಮುಖಕ್ಕೆ ಶೋಭೆ.

ಹಂತ 4: ಕೆನ್ನೆ

ಈ ಮೇಕಪ್ ಗೆಲ್ಲುವುದೂ ಸೋಲುವುದೂ ಇಲ್ಲೇ. ಇದೊಂದಕ್ಕೆ ಉಳಿದೆಲ್ಲ ಹಂತಗಳಷ್ಟು ಸಮಯ ಕೊಡಿ.

ಮೊದಲು ಬಣ್ಣ. ಎರಡು ಮಹಡಿ ಮೆಟ್ಟಿಲು ಬೇಗ ಹತ್ತಿ ಬಂದು ಕನ್ನಡಿ ನೋಡಿ. ಕೆನ್ನೆಗೆ ಏರಿದ ಬಣ್ಣವೇ ನಿಮ್ಮ ಬ್ಲಷ್‌ನ ಬಣ್ಣ. ಕೆನ್ನೆಯಲ್ಲಿ ಬಣ್ಣ ಏರಿದ್ದು ಕಾಣದಷ್ಟು ಕಪ್ಪಗಿದ್ದರೆ ಕೆಳತುಟಿಯ ಒಳಭಾಗ ನೋಡಿ, ಅದೂ ಸರಿಯಾದ ದಾರಿ ತೋರಿಸುತ್ತದೆ. ಬೆಳ್ಳಗಿರುವವರಿಗೆ ಏಪ್ರಿಕಾಟ್, ತೆಳು ಹವಳದ ಬಣ್ಣ. ಗೋಧಿ ಬಣ್ಣದವರಿಗೆ, ಎಣ್ಣೆಗೆಂಪಿನವರಿಗೆ ಗಾಢ ಹವಳ ಅಥವಾ ಇಟ್ಟಿಗೆ ಕೆಂಪು. ಕಪ್ಪಗಿರುವವರಿಗೆ ಕಡು ಇಟ್ಟಿಗೆ ಕೆಂಪು, ನೇರಳೆ ಹಣ್ಣಿನ ಛಾಯೆ, ಕಿತ್ತಳೆಗೆಂಪು. ಡಬ್ಬಿಯಲ್ಲಿ ಭಯ ಹುಟ್ಟಿಸುವಷ್ಟು ಕೆಂಪಾಗಿರುವುದು ಕಪ್ಪು ಕೆನ್ನೆಯ ಮೇಲೆ ತೆಳುವಾಗಿ ಹರಡಿದಾಗ ತುಂಬ ಚೆಂದ. ಹಾಲು ಬೆರೆಸಿದ ಹಾಗಿರುವ ಗುಲಾಬಿಯನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಬಿಳಿ ವರ್ಣದ್ರವ್ಯ ಹೆಚ್ಚು, ಕಂದು ಚರ್ಮದ ಮೇಲೆ ಕೆಂಪು ಮಾಯವಾಗಿ ಬಿಳಿಯಷ್ಟೇ ಉಳಿಯುತ್ತದೆ. ಅಂಗಡಿಯಲ್ಲೇ ಮಣಿಕಟ್ಟಿನ ಒಳಬದಿಗೆ ಒಂದು ಗೆರೆ ಎಳೆದು ಚೆನ್ನಾಗಿ ಉಜ್ಜಿ ನೋಡಿ. ತೆಳುವಾದ ಮೇಲೆ ಬಿಳಿ ಮಂಜು ಕಂಡರೆ ಅಲ್ಲೇ ಇಟ್ಟು ಬನ್ನಿ.

ಇನ್ನು ಜಾಗ. ಮದುವೆ ಮನೆಯ ಮೇಕಪ್ಪಿನಲ್ಲಿ ಬ್ಲಷ್ಷನ್ನು ಕೆನ್ನೆಯ ಮೂಳೆಯ ಗುಂಟ ಕಿವಿಯ ಕಡೆಗೆ ಓರೆಯಾಗಿ ಎಳೆಯುತ್ತಾರೆ. ನಗಲು ಹೇಳಿ ಉಬ್ಬಿದ ಜಾಗಕ್ಕೆ ಹಚ್ಚುವವರೂ ಇದ್ದಾರೆ. ಇವೆರಡೂ ಇಲ್ಲಿ ಬೇಡ. ನಗು ನಿಂತ ಕೂಡಲೇ ಆ ಉಬ್ಬು ಕೆಳಗಿಳಿದು, ಬಣ್ಣ ಬಾಯಿಯ ಪಕ್ಕಕ್ಕೆ ಬಂದು ಕೂರುತ್ತದೆ, ಮುಖ ಜೋತುಬಿದ್ದಂತೆ ಕಾಣುತ್ತದೆ. ಜಪಾನಿನ ಮೇಕಪ್ ಕಲಾವಿದೆ ಇಗಾರಿ ಶಿನೊಬು 2010ರ ದಶಕದಲ್ಲಿ ಜನಪ್ರಿಯಗೊಳಿಸಿದ ಕ್ರಮದಲ್ಲಿ ಬಣ್ಣ ಕಣ್ಣಿನ ಕೆಳಗೇ, ಎತ್ತರದಲ್ಲಿ ಇರುತ್ತದೆ. ನಗದೆ, ನೇರ ಕನ್ನಡಿ ನೋಡಿ. ಕಣ್ಣಪಾಪೆಯಿಂದ ನೇರ ಕೆಳಗೆ, ಕೆಳರೆಪ್ಪೆಗೆ ಒಂದು ಬೆರಳಗಲ ಬಿಟ್ಟು ಮೊದಲ ಚುಕ್ಕೆ. ಅಲ್ಲಿಂದ ಕಣ್ಣಿನ ಹೊರತುದಿಯ ಕಡೆಗೆ ಅಡ್ಡಡ್ಡ ಇನ್ನೆರಡು ಚುಕ್ಕೆ. ಬಣ್ಣ ಮೂಗಿನ ತುದಿಯ ಮಟ್ಟಕ್ಕಿಂತ ಕೆಳಗೆ ಇಳಿಯಕೂಡದು.

ಪ್ರಮಾಣದ ವಿಷಯದಲ್ಲಿ ಜಿಪುಣರಾಗಿ. ಉಂಗುರ ಬೆರಳನ್ನು ಬ್ಲಷ್‌ಗೆ ಒಂದು ಸಲ ತಾಕಿಸಿ, ಅಂಗೈಯ ಹಿಂಬದಿಗೆ ಮೂರ್ನಾಲ್ಕು ಸಲ ತಟ್ಟಿ, ಬೆರಳಿನಲ್ಲಿ ಉಳಿದದ್ದನ್ನಷ್ಟೇ ಕೆನ್ನೆಗೆ ಕೊಡಿ. ಉಜ್ಜಬೇಡಿ. ಉಜ್ಜಿದರೆ ಕೆಳಗಿನ ಸನ್‌ಸ್ಕ್ರೀನ್ ಕಿತ್ತುಬಂದು ಅಲ್ಲಲ್ಲಿ ಬೋಳಾಗುತ್ತದೆ. ಬೆರಳನ್ನು ಲಂಬವಾಗಿ ಒತ್ತಿ, ಎತ್ತಿ, ಪಕ್ಕಕ್ಕೆ ಸರಿಸಿ ಮತ್ತೆ ಒತ್ತಿ. ಬಳಿಕ ಬಣ್ಣ ಮುಟ್ಟದ ಇನ್ನೊಂದು ಬೆರಳಿನಿಂದ ಅಂಚನ್ನು ಮಾತ್ರ ತಟ್ಟುತ್ತ ಬನ್ನಿ, ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಗೊತ್ತಾಗದ ಹಾಗೆ. ಬೆರಳಿನಲ್ಲಿ ಕೊನೆಗೆ ಉಳಿದ ಸುಳಿವಿನಷ್ಟು ಬಣ್ಣವನ್ನು ಮೂಗಿನ ದಿಂಡಿನ ಮೇಲೆ ಅಡ್ಡಲಾಗಿ ಒಮ್ಮೆ ತಟ್ಟಿದರೆ ಬಿಸಿಲಿನಲ್ಲಿ ಅಡ್ಡಾಡಿ ಬಂದ ಕಳೆ ಬರುತ್ತದೆ. ಮೂಗು ಕೆಂಪಾಗಿಯೇ ಇರುವವರು, ನೆಗಡಿಯಾದವರು ಇದನ್ನು ಬಿಡಿ.

ಈಗ ಕಿಟಕಿಯ ಹತ್ತಿರ ಹೋಗಿ ಒಂದು ಮಾರು ದೂರದಿಂದ ಕನ್ನಡಿ ನೋಡಿ. ಬಚ್ಚಲಮನೆಯ ಹಳದಿ ಬಲ್ಬು ಬಣ್ಣವನ್ನು ಮುಚ್ಚಿಡುತ್ತದೆ, ಅದನ್ನು ನಂಬಿ ಇನ್ನಷ್ಟು ಹಚ್ಚಿದವರು ಬೀದಿಗೆ ಬಂದ ಮೇಲೆ ಪೇಚಾಡುತ್ತಾರೆ. ಹೆಚ್ಚಾಯಿತು ಅನ್ನಿಸಿದರೆ ಮೇಲೆ ಪೌಡರ್ ಸುರಿಯಬೇಡಿ, ಕೆಂಪೂ ಬಿಳಿಯೂ ಕಲಸಿ ಕೆಸರಾಗುತ್ತದೆ. ಒಂದು ಪದರ ಟಿಶ್ಯೂ ಇಟ್ಟು ಅಂಗೈಯಿಂದ ಒತ್ತಿ ತೆಗೆಯಿರಿ. ಇನ್ನೂ ಉಳಿದರೆ ಬೆರಳಿಗೆ ಒಂದು ತೊಟ್ಟು ಸನ್‌ಸ್ಕ್ರೀನ್ ತೆಗೆದು ಅದರ ಮೇಲೆ ತಟ್ಟಿ.

ಲಿಪ್‌ಸ್ಟಿಕ್ಕನ್ನೇ ಬ್ಲಷ್ ಮಾಡಿಕೊಳ್ಳಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಧಾರಾಳವಾಗಿ. ಹಣ ಉಳಿಸುವ ಅತ್ಯುತ್ತಮ ಉಪಾಯ ಅದೇ, ತುಟಿ ಕೆನ್ನೆ ಒಂದೇ ಬಣ್ಣದಲ್ಲಿದ್ದರೆ ಮುಖಕ್ಕೆ ಹೊಂದಿಕೆಯೂ ಬರುತ್ತದೆ. ಆದರೆ ಅದು ಕೆನೆಯಂತೆ ಜಾರುವ ಕಡ್ಡಿ ಲಿಪ್‌ಸ್ಟಿಕ್ ಆಗಿರಬೇಕು. ಹಚ್ಚಿದ ಗಳಿಗೆಯಲ್ಲೇ ಒಣಗುವ ದ್ರವ ಮ್ಯಾಟ್ ಲಿಪ್‌ಸ್ಟಿಕ್ ಕೆನ್ನೆಯ ಮೇಲೆ ಕಲೆಯಾಗಿ ನಿಲ್ಲುತ್ತದೆ, ಹರಡುವುದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಲಿಪ್‌ಸ್ಟಿಕ್ಕನ್ನು ರೆಪ್ಪೆಯ ಅಂಚಿಗೂ ತಾಗಿಸಬೇಡಿ, ತುಟಿಗೆಂದು ಮಾಡಿದ ಬಣ್ಣಗಳೆಲ್ಲ ಕಣ್ಣಿಗೆ ಒಗ್ಗುವುದಿಲ್ಲ. ಕುಂಕುಮವನ್ನು ಕೆನ್ನೆಗೆ ತಿಕ್ಕಿಕೊಳ್ಳುವ ಅಡ್ಡದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಪೇಟೆಯ ಕುಂಕುಮಕ್ಕೆ ಯಾವ ಬಣ್ಣ ಬೆರೆಸಿರುತ್ತಾರೋ ತಿಳಿಯದು, ಕೆನ್ನೆಯ ಚರ್ಮ ಉರಿದು ಗುಳ್ಳೆ ಏಳಬಹುದು.

ಹಂತ 5: ಪೌಡರನ್ನು ಹಣೆಯ ನಡು, ಮೂಗಿನ ಪಕ್ಕ, ಗದ್ದ, ಇಷ್ಟಕ್ಕೆ ಒತ್ತಿ. ಕೆನ್ನೆಯ ಹೊಳಪು ಹಾಗೇ ಇರಲಿ. ಕ್ರೀಮ್ ಮೊದಲು, ಪೌಡರ್ ಆಮೇಲೆ. ಈ ಕ್ರಮ ತಪ್ಪಿದರೆ ಕೆನ್ನೆ ತೇಪೆ ತೇಪೆಯಾಗುತ್ತದೆ. ಮೈಗೆ ಹಾಕುವ ಟಾಲ್ಕಂ ಪೌಡರ್ ಬೇಡವೇ ಬೇಡ, ಇಡೀ ಶ್ರಮವನ್ನು ಅದೊಂದೇ ಹಾಳು ಮಾಡುತ್ತದೆ. ಮಂಗಳೂರು, ಉಡುಪಿಯ ಸೆಕೆಯಲ್ಲಿ ಬೆವರಿದಾಗಲೆಲ್ಲ ಪೌಡರ್ ಹಚ್ಚುವ ಬದಲು ಟಿಶ್ಯೂ ಒತ್ತಿ ಬೆವರು ತೆಗೆಯಿರಿ.

ಹಂತ 6: ಹುಬ್ಬಿನಲ್ಲಿ ಕೂದಲು ಇಲ್ಲದ ಕಡೆ ಮಾತ್ರ ಕಡು ಕಂದು ಐಶ್ಯಾಡೊ ತುಂಬಿ. ಜಪಾನಿನಲ್ಲಿ ತಲೆಗೂದಲಿಗೆ ಕಂದು ಬಣ್ಣ ಹಾಕಿದವರು ಹುಬ್ಬನ್ನೂ ತಿಳಿಯಾಗಿಸುತ್ತಾರೆ. ಕರಿಗೂದಲಿನವರಿಗೆ ಆ ಕೆಲಸವಿಲ್ಲ.

ಹಂತ 7: ಕಣ್ಣು

ಒಳಗಣ್ಣಿಗೆ ಕಾಡಿಗೆ ಹಚ್ಚುವ ಅಭ್ಯಾಸವನ್ನು ಇವತ್ತೊಂದು ದಿನ ಬಿಡಿ. ಕಾಡಿಗೆಯಿಲ್ಲದೆ ಮುಖ ಬರಿದು ಅನ್ನಿಸುವುದು ನನಗೆ ಅರ್ಥವಾಗುತ್ತದೆ, ನಮ್ಮ ಕಣ್ಣು ಅದಕ್ಕೇ ಪಳಗಿದೆ. ಆದರೆ ಕೆನ್ನೆಯ ಆ ತೆಳು ಬಣ್ಣವನ್ನು ಕಪ್ಪು ಗೆರೆ ನುಂಗಿಬಿಡುತ್ತದೆ. ಬದಲಿಗೆ ಸಣ್ಣ ಬ್ರಷ್ಷನ್ನು ತುಸು ಒದ್ದೆ ಮಾಡಿ, ಅದೇ ಕಂದು ಐಶ್ಯಾಡೊದಲ್ಲಿ ಅದ್ದಿ, ಮೇಲಿನ ರೆಪ್ಪೆಗೂದಲ ಬುಡಕ್ಕೆ ಒತ್ತುತ್ತ ಹೋಗಿ. ಐಲೈನರ್‌ನ ಖರ್ಚೂ ಉಳಿಯಿತು.

ರೆಪ್ಪೆಗೂದಲನ್ನು ಕರ್ಲರ್‌ನಲ್ಲಿ ಬುಡ, ನಡು, ತುದಿ ಎಂದು ಮೂರು ಕಡೆ ಮೆತ್ತಗೆ ಒತ್ತಿ. ಒಂದೇ ಕಡೆ ಬಿಗಿಯಾಗಿ ಹಿಡಿದರೆ ಕೂದಲು ಮೂಲೆ ಮಡಚಿಕೊಳ್ಳುತ್ತದೆ. ಮಸ್ಕರಾ ಹಚ್ಚುವುದಿದ್ದರೆ ಕರ್ಲರ್ ಆದ ಮೇಲೆಯೇ, ಮೊದಲು ಹಚ್ಚಿದರೆ ಕೂದಲು ಅಂಟಿಕೊಂಡು ಕಿತ್ತುಬರುತ್ತದೆ. ಹೆಸರುವಾಸಿ ಜಪಾನಿ ಕರ್ಲರ್‌ಗೆ ಹಣ ಸುರಿಯುವ ಮುನ್ನ ಅದರ ಬಾಗು ನಿಮ್ಮ ಕಣ್ಣಿಗೆ ಕೂರುತ್ತದೆಯೇ ನೋಡಿ. ಕಣ್ಣು ಗುಳಿಯೊಳಗೆ ಇರುವವರಿಗೆ ಬಾಗು ಹೆಚ್ಚಿರುವ ಕರ್ಲರ್ ಬೇಕು, ಇಲ್ಲದಿದ್ದರೆ ಮೂಲೆಯಲ್ಲಿ ಚರ್ಮ ಚಿವುಟುತ್ತದೆ.

ಕೆಳರೆಪ್ಪೆಯಡಿ ನಕ್ಕಾಗ ಉಬ್ಬುವ ಜಾಗಕ್ಕೆ ಜಪಾನಿನಲ್ಲಿ ‘ನಮಿದಾಬುಕುರೊ’ ಎನ್ನುತ್ತಾರೆ. ಅಲ್ಲಿ ಹೊಳಪಿನ ಐಶ್ಯಾಡೊ ತಾಕಿಸಿದರೆ ಕಣ್ಣು ದೊಡ್ಡದಾಗಿ, ಎಳೆಯದಾಗಿ ಕಾಣುತ್ತದೆ. ನಮಗೆ ಬೆಳ್ಳಿ ಹೊಳಪು ಒಪ್ಪುವುದಿಲ್ಲ, ಪೀಚ್ ಬೆರೆತ ಚಿನ್ನದ ಹೊಳಪು ಇರಲಿ. ಕಣ್ಣಿನ ಕೆಳಗೆ ಕಪ್ಪು ಇರುವವರು ಈ ಕೆಲಸಕ್ಕೆ ಹೋಗಬೇಡಿ, ಹೊಳಪು ಕಪ್ಪನ್ನು ಎತ್ತಿ ತೋರಿಸುತ್ತದೆ.

ಹಂತ 8: ತುಟಿಗೆ ಬಾಮ್, ಅದರ ಮೇಲೆ ಕೆನ್ನೆಯ ಬಣ್ಣವನ್ನೇ ನಡುವಿನಲ್ಲಿ ಬೆರಳಿನಿಂದ ಒತ್ತಿ ಅಂಚಿನ ಕಡೆಗೆ ತಟ್ಟಿ. ಲಿಪ್ ಪೆನ್ಸಿಲ್ ಬೇಡ.

ಕೊಳ್ಳುವಾಗ ಒಂದು ಎಚ್ಚರ. ಜಪಾನಿ, ಕೊರಿಯನ್ ಹೆಸರು ಹಚ್ಚಿದ ನಕಲಿ ಸಾಮಾನು ಬೀದಿಬದಿಯಲ್ಲಿ, ಆನ್‌ಲೈನಿನಲ್ಲಿ ಧಂಡಿಯಾಗಿ ಸಿಗುತ್ತದೆ. ಇಲ್ಲಿ ತಯಾರಾದದ್ದರ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇರಬೇಕು. ಆಮದಾದದ್ದರ ಮೇಲೆ ನೋಂದಣಿ ಪ್ರಮಾಣಪತ್ರದ ಸಂಖ್ಯೆಯೂ ಆಮದುದಾರರ ಹೆಸರು, ವಿಳಾಸವೂ ಇರಬೇಕು. ಬರೀ ಜಪಾನಿ ಅಕ್ಷರ ತುಂಬಿ ಇವ್ಯಾವುವೂ ಇಲ್ಲದ ಡಬ್ಬಿಯನ್ನು ಎಷ್ಟೇ ಅಗ್ಗವಾದರೂ ತರಬೇಡಿ. ಹೊಸದನ್ನು ಮೊಣಕೈಯ ಒಳಮಡಿಕೆಗೆ ಹಚ್ಚಿ ಒಂದು ದಿನ ಬಿಟ್ಟು, ತುರಿಕೆ ಇಲ್ಲವೆಂದಾದ ಮೇಲೆ ಮುಖಕ್ಕೆ ಒಯ್ಯಿರಿ.

ತೆಗೆಯುವುದು

ತೆಳು ಮೇಕಪ್ ತಾನೇ ಎಂದು ಬರೀ ಸೋಪಿನಲ್ಲಿ ತೊಳೆದು ಮಲಗಬೇಡಿ. ನೀರಿಗೆ ಜಗ್ಗದ ಸನ್‌ಸ್ಕ್ರೀನ್ ಅಷ್ಟಕ್ಕೆ ಪೂರ್ತಿ ಹೋಗುವುದಿಲ್ಲ. ಜಪಾನಿನ ರೂಢಿ ಎರಡು ಸಲ ತೊಳೆಯುವುದು: ಮೊದಲು ಕ್ಲೆನ್ಸಿಂಗ್ ಆಯಿಲ್, ನಂತರ ಫೇಸ್‌ವಾಶ್. ಕ್ಲೆನ್ಸಿಂಗ್ ಆಯಿಲ್‌ನಲ್ಲಿ ಎಣ್ಣೆಯನ್ನು ನೀರಿನೊಡನೆ ಬೆರೆಸುವ ಎಮಲ್ಸಿಫೈಯರ್ ಇರುವುದರಿಂದ ನೀರು ತಾಗಿದೊಡನೆ ಹಾಲಿನಂತಾಗಿ ತೊಳೆದುಹೋಗುತ್ತದೆ. ಕೊಬ್ಬರಿ ಎಣ್ಣೆ ಹಾಗೆ ಹೋಗುವುದಿಲ್ಲ. ಅದನ್ನೇ ಬಳಸುವುದಾದರೆ ಒಣ ಮುಖಕ್ಕೆ ಸವರಿ, ಬೆಚ್ಚಗಿನ ನೀರಿನಲ್ಲಿ ಹಿಂಡಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ, ಆಮೇಲೆ ಫೇಸ್‌ವಾಶ್ ಹಾಕಿ. ಮೊಡವೆ ಏಳುವ ಮುಖಕ್ಕೆ ಕೊಬ್ಬರಿ ಎಣ್ಣೆ ತಾಗಿಸಬೇಡಿ, ರಂಧ್ರ ಕಟ್ಟಿ ಇನ್ನಷ್ಟು ಏಳುತ್ತವೆ. ಸ್ಪಂಜು, ಬ್ರಷ್‌ಗಳನ್ನು ವಾರಕ್ಕೊಮ್ಮೆ ಶಾಂಪೂವಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕರ್ಲರ್‌ನ ರಬ್ಬರ್ ಪಟ್ಟಿಯಲ್ಲಿ ಗೀರು ಬಿದ್ದರೆ ಅವತ್ತೇ ಬದಲಿಸಿ, ಗೀರಿಗೆ ಸಿಕ್ಕ ರೆಪ್ಪೆಗೂದಲು ತುಂಡಾಗುತ್ತದೆ.