ಬಾಡಿ ಕಿಟ್: ಬಣ್ಣಕ್ಕೆ ಮೊದಲು ಕೂರಿಸಿ ನೋಡಿ

ಬಾಡಿ ಕಿಟ್ (ಕಾರಿನ ಹೊರಮೈಗೆ ಹಾಕೋ ಬಂಪರ್, ಲಿಪ್ ಥರದ ಭಾಗಗಳು) ಬಂದ ಕೂಡಲೇ ಪೇಂಟ್‌ಗೆ ಕೊಡಬೇಡಿ. ಮಾಸ್ಕಿಂಗ್ ಟೇಪ್ ಹಾಕಿ ಗಾಡಿಗೆ ಕೂರಿಸಿ, ಬಾಗಿಲು, ಬಾನೆಟ್ ತೆಗೆದು ನೋಡಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರ್ ಕಿಟ್‌ಗೆ ತಾಗಬಾರದು. ಫೈಬರ್ (ಫೈಬರ್‌ಗ್ಲಾಸ್) ಕಿಟ್‌ಗೆ ಅಂಚು ಉಜ್ಜಿ ಹೊಂದಿಸುವ ಕೆಲಸ ಬಹುಪಾಲು ಇದ್ದೇ ಇರುತ್ತೆ. ಪೇಂಟ್ ಆದ ಮೇಲೆ ಉಜ್ಜಿದರೆ ಖರ್ಚು ಎರಡು ಸಲ.

ಮುಂದಿನ ಬಂಪರ್ ಕೆಳಗೆ, ನೆಲಕ್ಕೆ ಹತ್ತಿರ ಇರೋ ಫ್ರಂಟ್ ಲಿಪ್‌ಗೆ ಪಿಪಿ (ಪಾಲಿಪ್ರೊಪಿಲೀನ್) ಅಥವಾ ಪಿಯು (ಪಾಲಿಯುರೆಥೇನ್) ಪ್ಲಾಸ್ಟಿಕ್ ವಾಸಿ, ತಾಗಿದರೂ ಬಾಗುತ್ತೆ. ಫೈಬರ್ ಸೀಳುತ್ತೆ. ಆದರೆ ಪಿಪಿಗೆ ಅಡ್ಹೀಶನ್ ಪ್ರೊಮೋಟರ್ (ಬಣ್ಣ ಹಿಡಿಯೋಕೆ ಮೊದಲು ಹೊಡೆಯೋ ದ್ರವ) ಹೊಡೆಯದೆ ಬಣ್ಣ ಹಾಕಿದರೆ ಈರುಳ್ಳಿ ಸಿಪ್ಪೆ ಥರ ಎದ್ದು ಬರುತ್ತೆ.

ಕಿಟ್ ಕೂರಿಸೋಕೆ ಬರೀ ಡಬಲ್ ಟೇಪ್ (ಎರಡೂ ಕಡೆ ಅಂಟೋ ಟೇಪ್) ನಂಬಬೇಡಿ. ಅಂಟಿಸೋ ಜಾಗ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಟೇಪ್ ಒತ್ತಿ, ತುದಿಗಳಿಗೆ ಸ್ಟೇನ್‌ಲೆಸ್ ಸ್ಕ್ರೂ ಕೊಡಿ. ಟೇಪ್ ಪೂರ್ತಿ ಹಿಡಿಯೋಕೆ ಸುಮಾರು 72 ಗಂಟೆ ಬೇಕು, ಅಲ್ಲಿವರೆಗೆ ಪ್ರೆಶರ್ ವಾಶ್ ಬೇಡ.

ಬಂಪರ್ ಪೂರ್ತಿ ಬದಲಿಸೋದಾದರೆ ರೇಡಿಯೇಟರ್‌ಗೆ ಗಾಳಿ ಹೋಗೋ ಜಾಗ, ಪಾರ್ಕಿಂಗ್ ಸೆನ್ಸರ್ ತೂತು ಎರಡನ್ನೂ ಹಳೇ ಬಂಪರ್ ಪಕ್ಕ ಇಟ್ಟು ಹೋಲಿಸಿ.