ಡಾಕ್ಟರ್ ಕೇಳಿದ್ದು ನಿಮ್ಮನ್ನಲ್ಲ

ಅಂಗವೈಕಲ್ಯ ಇರುವ ಮಕ್ಕಳಿಗೆ 18 ಹತ್ತಿರ ಬಂದಾಗ ಮನೆಯವರು ಕಾಗದಪತ್ರ, ಮುಂದಿನ ಓದು, ಕೆಲಸ ಅಂತ ಓಡಾಡುತ್ತಾರೆ. ಅದೆಲ್ಲ ಬೇಕೇ ಬೇಕು. ಆದರೆ ಎಡವುವುದು ಬೇರೆ ಕಡೆ. ಮಕ್ಕಳ ಪರವಾಗಿ ತಾವೇ ಮಾತಾಡುವ ಅಭ್ಯಾಸ ಬಿಟ್ಟುಹೋಗುವುದಿಲ್ಲ.

1. 14ಕ್ಕೇ ಶುರು ಮಾಡಿ. 18ಕ್ಕೆ ಕಾದರೆ ಎಲ್ಲವೂ ಅವಸರ.

2. ಒಂದೇ ಹಾಳೆಯಲ್ಲಿ ಅವರ ಬಗ್ಗೆ ಅವರಿಂದಲೇ ಬರೆಸಿ. ಏನು ಇಷ್ಟ, ಯಾವ ಔಷಧಿ, ನೋವಾದರೆ ಹೇಗೆ ತಿಳಿಸುತ್ತಾರೆ. ಬರೆಯಲು ಆಗದಿದ್ದರೆ ಹೇಳಿಸಿ, ತೋರಿಸಲು ಹೇಳಿ. ಕಾರ್ಟೂನ್ ಚಿತ್ರಗಳಿರುವ ಚಾರ್ಟ್ ಮಾತ್ರ ಬೇಡ. ಬೆಳೆದವರ ಕೈಗೆ ಅದನ್ನು ಕೊಟ್ಟರೆ ಬೇಜಾರಾಗುತ್ತೆ, ಅಲ್ವಾ?

3. ಈಗ ಕಷ್ಟದ್ದು: ಮಾತು ಬಿಟ್ಟುಕೊಡುವುದು. ನನ್ನ ತಮ್ಮನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಯ ಚಲನೆಗೆ, ಕೆಲವರಲ್ಲಿ ಮಾತಿಗೂ ಕಷ್ಟವಾಗುವ ಸ್ಥಿತಿ. ಅವನಿಗೆ 17 ಇದ್ದಾಗ ಡಾಕ್ಟರ್ "ಎಲ್ಲಿ ನೋವು?" ಎಂದು ಅವನನ್ನೇ ಕೇಳಿದರು. ಅವನು ಉಸಿರೆಳೆದುಕೊಂಡು, ತುಟಿ ಕೂಡಿಸಿ, ಮೊದಲ ಅಕ್ಷರಕ್ಕೆ ತಯಾರಾಗುತ್ತಿದ್ದ. ಅಷ್ಟರಲ್ಲಿ ನಾನು "ಮಂಡಿ" ಎಂದುಬಿಟ್ಟೆ. ಅವನು ಬಾಯಿ ಮುಚ್ಚಿದ. ನೋವಿದ್ದದ್ದು ಸೊಂಟದಲ್ಲಿ.

ಅವತ್ತಿನಿಂದ ನಾವು ಮಾಡುವುದು ಹೀಗೆ. ಹಿಂದಿನ ರಾತ್ರಿಯೇ ಅವನು ಕೇಳಬೇಕಾದ ಎರಡು ಮೂರು ಪ್ರಶ್ನೆ ಫೋನಿನಲ್ಲಿ ಹಾಕಿಟ್ಟುಕೊಳ್ಳುತ್ತಾನೆ. ನನ್ನ ಕುರ್ಚಿ ಅವನ ಕುರ್ಚಿಗಿಂತ ಅರ್ಧ ಹೆಜ್ಜೆ ಹಿಂದೆ. ಡಾಕ್ಟರ್ ನನ್ನ ಕಡೆ ತಿರುಗಿದರೆ ನಾನು ಅವನ ಮುಖ ನೋಡುತ್ತೇನೆ. ಪ್ರಶ್ನೆ ಬಂದ ಮೇಲೆ ಮನಸ್ಸಿನಲ್ಲೇ 10ರವರೆಗೆ ಎಣಿಸಿ. ಉತ್ತರ ಬರಲಿಲ್ಲವೇ? ಮತ್ತೆ 10. ಆ ಮೌನ ತುಂಬಾ ಉದ್ದ ಅನಿಸುತ್ತದೆ. ಸುಮ್ನೆ ಕೂತಿರಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ. ತೀರಾ ಸಿಕ್ಕಿಕೊಂಡರೆ ಎರಡು ಆಯ್ಕೆ ಕೊಡಿ, ಆಮೇಲೆ ಅವನ್ನೇ ಹಿಂದುಮುಂದು ಮಾಡಿ ಮತ್ತೆ ಕೇಳಿ. ಕೆಲವರು ಕೊನೆಗೆ ಕೇಳಿಸಿದ್ದನ್ನೇ ಹೇಳಿಬಿಡುತ್ತಾರೆ. ಅವರು ಒಪ್ಪಿದರೆ ಐದು ನಿಮಿಷ ನೀವು ಹೊರಗೆ ಹೋಗಿ. ಮನೆಯವರ ಮುಂದೆ ಕೇಳಲಾಗದ ಮಾತು ಆ ವಯಸ್ಸಿನ ಎಲ್ಲರಿಗೂ ಇರುತ್ತೆ.

4. ಕೆಲಸ ಕಲಿಸುವಾಗ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಬನ್ನಿ. ಮಾತ್ರೆ ತೆಗೆದುಕೊಳ್ಳುವುದನ್ನೇ ನೋಡಿ. ಮೊದಲು ಎಲ್ಲ ನೀವು ಮಾಡಿ, ನುಂಗಿ ಟಿಕ್ ಹಾಕುವುದು ಅವರದು. ಅದು ರೂಢಿಯಾದ ಮೇಲೆ ಡಬ್ಬಿ ತೆಗೆಯುವುದೂ ಅವರದು. ಮುಗಿಸಿದ ಖುಷಿ ಮೊದಲ ದಿನವೇ ಸಿಗುತ್ತದೆ. ದುಡ್ಡಿನ ಲೆಕ್ಕ ಕಲಿಸಲು ಪ್ಲಾಸ್ಟಿಕ್ ನಾಣ್ಯದ ಕಿಟ್ ಕೊಳ್ಳಬೇಡಿ. ನಿಜವಾದ ದುಡ್ಡು, ನಿಜವಾದ ಅಂಗಡಿ ಸಾಕು.

5. ಮಕ್ಕಳ ಡಾಕ್ಟರಿಂದ ದೊಡ್ಡವರ ಡಾಕ್ಟರಿಗೆ ಹೋಗುವ ಮುಂಚೆ ಹೊಸಬರನ್ನು ಒಮ್ಮೆ ಭೇಟಿ ಮಾಡಿಸಿ.

6. "ಎಲ್ಲ ನಿರ್ಧಾರ ನಮ್ಮ ಹೆಸರಿಗೆ ಬರೆಸಿಕೊಂಡರೆ ಮುಗಿಯಿತು" ಎನ್ನುವ ಅಡ್ಡದಾರಿ ಹಿಡಿಯಬೇಡಿ. ಅಂಗವಿಕಲರ ಹಕ್ಕುಗಳ ಬಗ್ಗೆ 2006ರಲ್ಲಿ ಆದ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೇ ವಿಧಿ ಹೇಳುವುದು ಇದನ್ನೇ: ಕಾನೂನಿನ ಮುಂದೆ ಅವರೂ ಎಲ್ಲರ ಸಮ, ನಿರ್ಧರಿಸಲು ಬೇಕಾದ ನೆರವು ಅವರಿಗೆ ಸಿಗಬೇಕು. ನೆರವು ಎಂದರೆ ಪತ್ರವನ್ನು ಸುಲಭದ ಮಾತಿನಲ್ಲಿ ಓದಿ ಹೇಳುವುದು, ಯೋಚಿಸಲು ಎರಡು ದಿನ ಕೊಡುವುದು, ಅವರು ನಂಬುವವರನ್ನು ಪಕ್ಕದಲ್ಲಿ ಕೂರಿಸುವುದು. ಅವರಿಗೆ ಹೇಳದೆ ಅವರ ಫೋನಿನಲ್ಲಿ ಅವರು ಎಲ್ಲಿದ್ದಾರೆಂದು ತೋರಿಸುವ ಆ್ಯಪ್ ಹಾಕುವುದು ನೆರವಲ್ಲ.

ತಪ್ಪು ಆಯ್ಕೆಯನ್ನೂ ಮಾಡುತ್ತಾರೆ. ನನ್ನ ತಮ್ಮ ಹಟ ಹಿಡಿದು ಲೇಸ್ ಇರುವ ಶೂ ಕೊಂಡ. ಒಂದು ವಾರ ಒದ್ದಾಡಿದ. ಬದಲಾಯಿಸಿ ಕೊಡಿ ಎಂದು ಅಂಗಡಿಯವರನ್ನು ಕೇಳಿದ್ದೂ ಅವನೇ.