ಕೋಟ್ಯಧೀಶರು ಬಿಡ್ ಕೂಗುವಾಗ ನಾವು ನಾಣ್ಯ ಕೊಳ್ಳುವುದು ಹೇಗೆ

ಯಾವುದೋ ನಾಣ್ಯ ದಾಖಲೆ ಬೆಲೆಗೆ ಹೋಯಿತೆಂಬ ಸುದ್ದಿ ಬಂದ ವಾರದಲ್ಲಿ ನಾನು ಏನನ್ನೂ ಕೊಳ್ಳುವುದಿಲ್ಲ. ಆ ವಾರ ಪ್ರತಿಯೊಬ್ಬ ಮಾರಾಟಗಾರನಿಗೂ ತನ್ನ ಪೆಟ್ಟಿಗೆಯಲ್ಲಿರುವುದು ಅದರ ಸಹೋದರನಂತೆಯೇ ಕಾಣುತ್ತದೆ. ಸುದ್ದಿ ತಣ್ಣಗಾಗಲಿ, ಅಷ್ಟರಲ್ಲಿ ಅದನ್ನು ಸರಿಯಾಗಿ ಓದುವುದನ್ನು ಕಲಿಯೋಣ.

ಮೊದಲು ಕೇಳಬೇಕಾದ ಪ್ರಶ್ನೆ: ಈ ಬೆಲೆ ನಾಣ್ಯದ್ದೋ, ಅದರ ಕಥೆಯದ್ದೋ? 1933ರ ಅಮೆರಿಕದ ಇಪ್ಪತ್ತು ಡಾಲರ್ ಚಿನ್ನದ ನಾಣ್ಯವೊಂದು 2002ರಲ್ಲಿ ಸುಮಾರು 75.9 ಲಕ್ಷ ಡಾಲರ್‌ಗೂ 2021ರಲ್ಲಿ ಸುಮಾರು 1.89 ಕೋಟಿ ಡಾಲರ್‌ಗೂ ಹೋಯಿತು. ಆ ವರ್ಷ ಟಂಕಿಸಿದವುಗಳಲ್ಲಿ ಬಹುತೇಕ ಎಲ್ಲವನ್ನೂ ಸರ್ಕಾರ ಕರಗಿಸಿತು. ಖಾಸಗಿಯವರು ಕಾನೂನುಬದ್ಧವಾಗಿ ಇಟ್ಟುಕೊಳ್ಳಬಹುದಾದದ್ದು ಅದೊಂದೇ; ಒಂದು ಕಾಲಕ್ಕೆ ಈಜಿಪ್ಟಿನ ದೊರೆ ಫಾರೂಕ್‌ನ ಬಳಿ ಇತ್ತೆಂದು ನಂಬಲಾದದ್ದೂ ಅದೇ. ಅದೇ ವಿನ್ಯಾಸದ, ಬೇರೆ ಇಸವಿಯ ಸಾಧಾರಣ ನಾಣ್ಯಗಳು ಇಂದಿಗೂ ಚಿನ್ನದ ತೂಕದ ಬೆಲೆಯ ಆಸುಪಾಸಿನಲ್ಲೇ ಸಿಗುತ್ತವೆ. ದಾಖಲೆ ಅವುಗಳಿಗೆ ಹರಿದು ಬರಲಿಲ್ಲ.

ಎರಡನೆಯದು, ಸೋತವನನ್ನು ನೋಡಿ. ಹರಾಜಿನ ಬೆಲೆ ಗೆದ್ದವನ ಆಸೆಯ ಅಳತೆಯಲ್ಲ, ಸೋತವನು ಕೈಬಿಟ್ಟ ಜಾಗಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಹಟಕ್ಕೆ ಬಿದ್ದ ಇಬ್ಬರು ಸಿರಿವಂತರಿದ್ದರೆ ಬೆಲೆ ಆಕಾಶಕ್ಕೇರುತ್ತದೆ. ಒಬ್ಬ ಅಂದು ಊರಲ್ಲಿಲ್ಲದಿದ್ದರೆ ಅದೇ ನಾಣ್ಯ ನೆಲದಲ್ಲೇ ನಿಲ್ಲುತ್ತದೆ. ಅಮೆರಿಕದ ಪೋಗ್ ಕುಟುಂಬದ ಸಂಗ್ರಹದ 1804ರ ಬೆಳ್ಳಿ ಡಾಲರ್‌ಗೆ 2016ರಲ್ಲಿ ಬಿಡ್, ಕೊಳ್ಳುವವನು ಹರಾಜು ಸಂಸ್ಥೆಗೆ ಕೊಡುವ ಕಮಿಷನ್ ಸೇರಿ, ಒಂದು ಕೋಟಿ ಡಾಲರ್ ದಾಟಿತ್ತು. ಆದರೂ ಮಾಲೀಕರು ಗುಟ್ಟಾಗಿ ಇಟ್ಟಿದ್ದ ಕನಿಷ್ಠ ಬೆಲೆ ಮುಟ್ಟದೆ ಅದು ಮಾರಾಟವಾಗದೆ ಉಳಿಯಿತು. 2021ರಲ್ಲಿ ಮತ್ತೆ ಬಂದಾಗ ಸಿಕ್ಕಿದ್ದು 76.8 ಲಕ್ಷ. ನಾಣ್ಯದ ಮೇಲೆ ಒಂದು ಹೊಸ ಗೀರೂ ಬಿದ್ದಿರಲಿಲ್ಲ. ಹಾಗಾಗಿ ಒಂದೇ ಮಾರಾಟವನ್ನು ನಂಬಿ ನಾನು ಬೆಲೆ ಕಟ್ಟುವುದಿಲ್ಲ. ಅದೇ ಬಗೆಯ, ಅದೇ ದರ್ಜೆಯ ಹಲವು ಮಾರಾಟಗಳನ್ನು ಹುಡುಕಿ, ತೀರ ಮೇಲಿನದನ್ನು ಬದಿಗಿಟ್ಟು ಉಳಿದವನ್ನು ನೋಡುತ್ತೇನೆ. ಪ್ರಕಟವಾದ ಮೊತ್ತದಲ್ಲಿ ಕೊಳ್ಳುವವನ ಕಮಿಷನ್ ಸೇರಿದೆಯೋ ಇಲ್ಲವೋ ಎಂಬುದನ್ನೂ ಗಮನಿಸಿ. ಎಷ್ಟೋ ಕಡೆ ಅದು ಬಿಡ್‌ನ ಐದನೇ ಒಂದು ಭಾಗದಷ್ಟಿರುತ್ತದೆ.

ನಮ್ಮಂಥವರ ಜೇಬಿಗೆ ಸಿರಿವಂತರು ನಿಜವಾಗಿ ಕೈ ಹಾಕುವುದು ದರ್ಜೆಯ ವಿಷಯದಲ್ಲಿ. ಶೆಲ್ಡನ್ ಅಳತೆಯಲ್ಲಿ ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ. 1980ರ ದಶಕದಲ್ಲಿ ಪಿಸಿಜಿಎಸ್, ಎನ್‌ಜಿಸಿ ಕಂಪನಿಗಳು ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆ ಹಾಕತೊಡಗಿದವು. ಆಮೇಲೆ ಯಾರ ಸಂಗ್ರಹ ಅತ್ಯುತ್ತಮ ಎಂಬ ಪಟ್ಟಿಗಳು ಬಂದವು. ಅಲ್ಲಿ ಮೊದಲ ಸ್ಥಾನ ಬೇಕಾದವನಿಗೆ 66 ಸಾಲದು, 67 ಬೇಕು. ಹೀಗಾಗಿ ಹಳೆಯ ಸವಕಲು ರೂಪದಲ್ಲಿ ರಾಶಿ ರಾಶಿ ಸಿಗುವ ನಾಣ್ಯವೂ ತುತ್ತತುದಿಯ ಅಂಕದಲ್ಲಿ ಹುಚ್ಚು ಬೆಲೆಗೆ ಹೋಗುತ್ತದೆ. ಬರಿಗಣ್ಣಿಗೆ ಎರಡರ ವ್ಯತ್ಯಾಸ ಹೇಳಲು ಎಷ್ಟೋ ಸಲ ನನಗಾಗುವುದಿಲ್ಲ. ಹಣ ಕೊಟ್ಟವರಲ್ಲೂ ಬಹಳ ಮಂದಿಗೆ ಆಗುವುದಿಲ್ಲವೆಂದು ನನ್ನ ಗುಮಾನಿ. ಬೆಲೆಪಟ್ಟಿಯಲ್ಲಿ ಅಂಕದಿಂದ ಅಂಕಕ್ಕೆ ಕೆಳಗಿಳಿಯುತ್ತಾ ಹೋಗಿ. ಬೆಲೆ ಒಮ್ಮೆಲೇ ಕುಸಿಯುವ ಜಾಗ ಕಾಣುತ್ತದೆ. ಅದರ ಸ್ವಲ್ಪ ಕೆಳಗೆ, ಮೇಲ್ಮೈ ಚೆನ್ನಾಗಿರುವ, ತೊಳೆದು ಉಜ್ಜಿರದ ನಾಣ್ಯವನ್ನು ಆರಿಸಿ.

ಅಪರೂಪ ಎಂಬುದನ್ನೂ ಸ್ವಲ್ಪ ಅನುಮಾನಿಸಿ. 1913ರ ಲಿಬರ್ಟಿ ನಿಕಲ್ ಎಂಬ ಅಮೆರಿಕದ ಐದು ಸೆಂಟ್ ನಾಣ್ಯಗಳು ಜಗತ್ತಿನಲ್ಲಿರುವುದು ಐದು. ಆ ಐದೂ ಒಂದು ಕಾಲಕ್ಕೆ ಕರ್ನಲ್ ಗ್ರೀನ್ ಎಂಬ ಒಬ್ಬ ಶ್ರೀಮಂತನ ಬಳಿಯೇ ಇದ್ದವು. ಮಾರುಕಟ್ಟೆಯಲ್ಲಿ ಕಾಣದ ನಾಣ್ಯ ಯಾರದೋ ಬೀರುವಿನಲ್ಲಿ ಗುಂಪಾಗಿ ಕುಳಿತಿರಬಹುದು, ಒಡೆಯ ಸತ್ತ ಮೇಲೆ ಒಟ್ಟಿಗೇ ಹೊರಬರಬಹುದು. ದೊಡ್ಡ ಸಂಗ್ರಹ ಹೀಗೆ ಒಡೆಯುವ ದಿನಗಳು ನಮಗೆ ಒಳ್ಳೆಯವು. ಎಲ್ಲರ ಕಣ್ಣು ಮುಖ್ಯ ನಾಣ್ಯಗಳ ಮೇಲಿರುವಾಗ, ಹರಾಜಿನ ಕೊನೆಯ ಅಧಿವೇಶನದ ಸಣ್ಣ ಲಾಟುಗಳನ್ನು (ಹರಾಜಿಗಿಟ್ಟ ಸರಕುಗಳನ್ನು) ಕೇಳುವವರು ಕಡಿಮೆ.

ದೊಡ್ಡ ಹಣ ಬಂದಲ್ಲಿ ಸುಳ್ಳು ಕಾಗದವೂ ಬರುತ್ತದೆ. ಜೂಲಿಯಸ್ ಸೀಸರ್‌ನ ಕೊಲೆಯ ನೆನಪಿಗೆ ಬ್ರೂಟಸ್ ಹೊರಡಿಸಿದ ಚಿನ್ನದ ನಾಣ್ಯವೊಂದು 2020ರಲ್ಲಿ 32 ಲಕ್ಷ ಪೌಂಡ್‌ಗೂ ಹೆಚ್ಚಿಗೆ ಮಾರಾಟವಾಯಿತು. ನಾಣ್ಯ ಅಸಲಿ, ಅದರ ಹಿಂದಿನ ಮಾಲೀಕರ ಇತಿಹಾಸ ನಕಲಿ. ಅದು ಬಯಲಾದ ಮೇಲೆ, 2023ರಲ್ಲಿ, ನಾಣ್ಯ ಗ್ರೀಸ್‌ಗೆ ಮರಳಿತು. ಪ್ರಾಚೀನ ನಾಣ್ಯ ಕೊಳ್ಳುವಾಗ ಹಳೆಯ ಹರಾಜು ಕ್ಯಾಟಲಾಗಿನ ಚಿತ್ರ ಕೇಳಿ, ಅಂಚಿನ ಆಕಾರವನ್ನೂ ಗೀರುಗಳನ್ನೂ ಹೋಲಿಸಿ. “ಹಳೆಯ ಸ್ವಿಸ್ ಸಂಗ್ರಹದಿಂದ” ಎಂಬ ಒಂದೇ ಸಾಲು ನನಗೆ ಸಾಲದು.

ಇನ್ನು ಬೆಳ್ಳಿ ನಾಣ್ಯ ಕೂಡಿಡುವವರಿಗೆ ಒಂದು ಮಾತು. ಅಮೆರಿಕದ ಸಿರಿವಂತ ಹಂಟ್ ಸಹೋದರರು ಬೆಳ್ಳಿಯನ್ನು ಬಾಚಿಕೊಂಡ ದಿನಗಳಲ್ಲಿ, 1980ರ ಜನವರಿಯಲ್ಲಿ, ಔನ್ಸ್ ಬೆಲೆ 50 ಡಾಲರ್ ಸಮೀಪಿಸಿತ್ತು. ಮಾರ್ಚ್ ಮುಗಿಯುವಷ್ಟರಲ್ಲಿ 11ಕ್ಕೂ ಕೆಳಗಿಳಿಯಿತು. ನಡುವೆ ಎಷ್ಟೋ ನಾಣ್ಯಗಳು ಕುಲುಮೆ ಸೇರಿದವು. ಲೋಹದ ಬೆಲೆ ಏರಿದಾಗ ಮಾರಬೇಕೆನಿಸಿದರೆ ಸಾಧಾರಣ ಇಸವಿಯವನ್ನು ಮಾರಿ. ಕಡಿಮೆ ಸಂಖ್ಯೆಯಲ್ಲಿ ಟಂಕಿಸಿದವನ್ನು ತೂಕಕ್ಕೆ ಕೊಡಬೇಡಿ.

ಬಿಡ್ ಹಾಕುವ ಹಿಂದಿನ ರಾತ್ರಿಯೇ ಕಮಿಷನ್, ಸಾಗಣೆ, ತೆರಿಗೆ ಎಲ್ಲ ಸೇರಿಸಿ ನಿಮ್ಮ ಗರಿಷ್ಠ ಮೊತ್ತವನ್ನು ಬರೆದಿಡಿ. ಅದರ ಮೇಲೆ ಯಾರಾದರೂ ಕೂಗಿದರೆ ಮುಂದಿನ ಲಾಟಿನ ಪುಟ ತಿರುವಿ. ನಾನಂತೂ ಈಗ ಸಣ್ಣ ತಾಮ್ರದ ನಾಣ್ಯಗಳ ಅಚ್ಚಿನ ಭೇದಗಳನ್ನು ಹುಡುಕುತ್ತಿದ್ದೇನೆ. ಅವಕ್ಕೆ ಭೂತಗನ್ನಡಿ ಬೇಕು, ತಾಳ್ಮೆ ಬೇಕು; ಅಲ್ಲಿಗೆ ಕೋಟ್ಯಧೀಶರು ಇನ್ನೂ ಬಂದಿಲ್ಲ.